ಹನ್ನೆರಡು ಗ್ರಾಂ ಕಡಿಮೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ನಿಮ್ಮ ರಕ್ತದ ಗುಂಪು ಯಾವುದು ಎಂದು ಯಾರಾದರೂ ಕೇಳಿದರೆ ಹೇಳುತ್ತೇವಲ್ಲ, ಹಾಗೆ ಹೇಳುತ್ತಿದ್ದೇನೆ. ಎಂಬತ್ತಾರನೇ ಇಸವಿಯ ಕೊನೆಯ ಎರಡು ತಿಂಗಳಲ್ಲಿ ನಡೆದದ್ದು ಅರ್ಥವಾಗಬೇಕಾದರೆ ಮೊದಲು ಇದು ಗೊತ್ತಿರಬೇಕು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕೃಷ್ಣಯ್ಯನವರದೊಂದು ಸಣ್ಣ ಕಾರ್ಖಾನೆ. ಕೆಳಗೆ ಜೇಡಿಮಣ್ಣನ್ನು ಆಸಿಡ್ಡಿನಲ್ಲಿ ಕುದಿಸಿ, ಒಣಗಿಸಿ, ಎಣ್ಣೆ ಮಿಲ್ಲುಗಳಿಗೆ ಮಾರುವ ವ್ಯಾಪಾರ. ಎಣ್ಣೆಯ ಬಣ್ಣ ತೆಗೆಯಲು ಆ ಮಣ್ಣು ಬೇಕು. ಮೇಲೆ ಶೀಟು ಹೊದಿಸಿದ ಒಂದು ಕೋಣೆ. ಅದೇ ಲ್ಯಾಬು. ಲ್ಯಾಬು ಅಂದರೆ ಎಂ.ಎಸ್ಸಿ. ಓದಿದ ಪಂಕಜಾ ಎಂಬ ನಾನು, ಮತ್ತು ಪಾತ್ರೆ ತೊಳೆಯುವುದಕ್ಕೆ, ಸೋಸುವುದಕ್ಕೆ, ಒಣಹಾಕುವುದಕ್ಕೆ ನರಸಮ್ಮ. ಅವರಿಗೆ ಆಗ ಐವತ್ತು ದಾಟಿತ್ತು. ಸುಂಕದಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು, ದಿನಗೂಲಿ.

ಮಣ್ಣು ಮಾರುವವರಿಗೆ ಲ್ಯಾಬು ಯಾಕೆ ಬೇಕಾಯಿತು ಅಂದರೆ, ಕರ್ಪೂರದಿಂದ. ಬಾಂಬೆಯ ಒಂದು ಕರ್ಪೂರದ ಕಂಪನಿಯವರು ಕೃಷ್ಣಯ್ಯನವರಿಗೆ ಗಂಟುಬಿದ್ದಿದ್ದರು. ಕರ್ಪೂರವನ್ನು ಮರದಿಂದ ತೆಗೆಯುವ ಕಾಲ ಹೋಗಿ ಎಷ್ಟೋ ವರ್ಷವಾಗಿದೆ. ಈಗ ಟರ್ಪೆಂಟೈನಿನಿಂದ ಮಾಡುತ್ತಾರೆ. ನಡುವೆ ಒಂದು ಹಂತದಲ್ಲಿ ಆಸಿಡ್ ಬೇಕು. ಗಂಧಕಾಮ್ಲ ಹಾಕಿದರೆ ಕೆಲಸವೇನೋ ಆಗುತ್ತದೆ, ಆದರೆ ಅದು ಪೈಪು ತಿನ್ನುತ್ತದೆ, ಕೆಲಸದವರ ಕೈ ಸುಡುತ್ತದೆ, ಕೊನೆಗೆ ಆ ಕಪ್ಪು ರಾಡಿಯನ್ನು ಎಲ್ಲಿ ಚೆಲ್ಲಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಅದರ ಬದಲು ಪುಡಿಯ ರೂಪದ ಆಸಿಡ್ ಸಿಕ್ಕರೆ ಹಾಕಬಹುದು, ಕೆಲಸ ಮುಗಿದ ಮೇಲೆ ಸೋಸಿ ತೆಗೆದು ಮತ್ತೆ ಹಾಕಬಹುದು. ಜಿಯೊಲೈಟ್ ಅಂಥ ಪುಡಿ. ಮರಳು, ಜೇಡಿಮಣ್ಣಿನ ಜಾತಿಗೇ ಸೇರಿದ ಹರಳು. ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳು, ತೂತಿನ ಗೋಡೆಯಲ್ಲಿ ಆಸಿಡ್. ತೊಂದರೆ ಏನೆಂದರೆ ಟರ್ಪೆಂಟೈನಿನ ಅಣು ದಪ್ಪ, ಸಾಮಾನ್ಯ ಜಿಯೊಲೈಟಿನ ತೂತು ಸಣ್ಣದು. ಬಾಗಿಲಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಅದಕ್ಕೇ ಪದರದ ಜಿಯೊಲೈಟ್. ಅದು ಗಟ್ಟಿ ಹರಳಾಗಿ ಬೆಳೆಯದೆ ತೆಳ್ಳಗೆ ಹಾಳೆ ಹಾಳೆಯಾಗಿ ಬೆಳೆಯುತ್ತದೆ. ಹಾಳೆಗಳನ್ನು ಬಿಡಿಸಿಟ್ಟರೆ ಎಂಥ ದಪ್ಪ ಅಣುವಿಗೂ ಜಾಗ ಸಿಗುತ್ತದೆ. ಹಾಗೇ ಒಲೆಗೆ ಹಾಕಿದಿರೋ, ಹಾಳೆಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆ. ಚಿರೋಟಿಯ ಪದರಗಳ ನಡುವೆ ತುಪ್ಪ, ಅಕ್ಕಿಹಿಟ್ಟು ಸವರುತ್ತಾರಲ್ಲ, ಆ ರೀತಿ ಇಲ್ಲೂ ಸುಡುವ ಮೊದಲು ಒಂದು ಬಗೆಯ ಸೋಪನ್ನು ಪದರಗಳ ನಡುವೆ ತುಂಬಿ ಉಬ್ಬಿಸಬೇಕು. ಆ ಕೆಲಸ ನನಗೆ ಕೈಗೆ ಹತ್ತಿತ್ತು. ಕಷ್ಟವಿದ್ದದ್ದು ಅದಕ್ಕೂ ಮೊದಲಿನದು, ಪದರದ ಹರಳನ್ನು ಹುಟ್ಟಿಸುವುದು.

ಎರಡು ಲೀಟರಿನ ಸ್ಟೀಲ್ ಪಾತ್ರೆ, ಕುಕ್ಕರಿಗಿಂತ ಬಿಗಿಯಾದ ತಿರುಪಿನ ಮುಚ್ಚಳ. ಅದರಲ್ಲಿ ಸಿಲಿಕಾ, ಅಲ್ಯುಮಿನಾ, ಕಾಸ್ಟಿಕ್ ಸೋಡಾ, ಮತ್ತು ಹಳಸಿದ ಮೀನಿನ ವಾಸನೆಯ ಒಂದು ದ್ರವ. ಗಂಜಿಯಂತೆ ಕಲಸಿ, ಮುಚ್ಚಿ, ಏಳು ದಿನ ಕರೆಂಟಿನ ಒಲೆಯಲ್ಲಿಡಬೇಕು. ಮೊದಲ ಆರು ಸಲ ಬೇಡದ ಹರಳೇ ಬಂತು. ಏಳನೇ ಸಲ ಸ್ವಲ್ಪ, ಎಂಟನೇ ಸಲ ಅರ್ಧ, ಒಂಬತ್ತನೇ ಸಲ ಪೂರ್ತಿ ಪದರದ್ದು. ಸೈನ್ಸ್ ಇನ್‌ಸ್ಟಿಟ್ಯೂಟಿಗೆ ಕಳಿಸಿ ಎಕ್ಸ್‌ರೇ ಮಾಡಿಸಿ ಖಾತ್ರಿ ಮಾಡಿಕೊಂಡೆ. ಆಮೇಲೆ ಎಕ್ಸ್‌ರೇ ಕೂಡ ಬೇಕಾಗಲಿಲ್ಲ. ಒಂದು ಚಿಟಿಕೆ ಪುಡಿಯನ್ನು ನೀರಿನ ಶೀಸೆಗೆ ಹಾಕಿ ಅಲ್ಲಾಡಿಸಿದರೆ ಪದರದ್ದು ಮಿನುಗುತ್ತ, ಸುತ್ತುತ್ತ, ತಳ ಸೇರಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತು. ಬೇಡದ್ದು ಮರಳಿನಂತೆ ಮುಳುಗುತ್ತಿತ್ತು.

ಒಂಬತ್ತನೇ ಸಲದ ಮಾಲನ್ನು ಬಾಂಬೆಗೆ ಕಳಿಸಿದೆ. ಅವರಿಗೆ ಹಿಡಿಸಿತು. ಡಿಸೆಂಬರ್ ಇಪ್ಪತ್ತಕ್ಕೆ ತಾವೇ ಬಂದು ಕಣ್ಣೆದುರು ನೋಡುತ್ತೇವೆ, ಅರ್ಧ ಕಿಲೋ ಸಿದ್ಧವಿರಲಿ ಎಂದು ಬರೆದರು. ಕೃಷ್ಣಯ್ಯನವರು ಕಾಗದ ಹಿಡಿದುಕೊಂಡು ಮೇಲೆ ಬಂದರು. ಒಳ್ಳೆಯ ಮನುಷ್ಯ, ಆದರೆ ಎರಡು ವರ್ಷದಿಂದ ಈ ಕೋಣೆಗೆ ಸುರಿದದ್ದು ಅವರಿಗೆ ಸಾಕಾಗಿತ್ತು.

“ಅವತ್ತು ಮಾಲು ತೋರ್ಸಿದ್ರೆ ಲ್ಯಾಬು ಇರುತ್ತೆ ಪಂಕಜಾ. ಇಲ್ಲಾಂದ್ರೆ ಜನವರಿಯಿಂದ ಇಲ್ಲಿ ಪ್ಯಾಕಿಂಗ್ ಹಾಕ್ತೀನಿ. ನೀವು ಬೇಜಾರ್ ಮಾಡ್ಕೋಬಾರ್ದು.”

ನಾನು ಬೇಜಾರು ಮಾಡಿಕೊಳ್ಳಲಿಲ್ಲ, ಸೊಂಟ ಕಟ್ಟಿ ನಿಂತೆ. ಇಷ್ಟು ದಿನ ಹೇಗೋ ನಡೆದದ್ದು ಸಾಕು, ಇನ್ನು ಎಲ್ಲ ಶಿಸ್ತಾಗಿರಬೇಕು ಎಂದುಕೊಂಡು ಸಾಮಾನುಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದೆ. ಒಲೆಯಲ್ಲಿಡುವ ಮೂರೂ ಪಾತ್ರೆಗಳ ತಳದಲ್ಲಿ ಬೆರಳಾಡಿಸಿದರೆ ಬಿಳಿ ಹಕ್ಕಳೆ. ಒಂದೊಂದರಲ್ಲೂ ಹಳೆಯ ಪುಡಿ ಹಾಗೇ ಇತ್ತು. ನರಸಮ್ಮ ಪಾತ್ರೆಯ ಪಕ್ಕಗಳನ್ನು ತೊಳೆದು ತಳವನ್ನು ಬಿಟ್ಟುಬಿಡುತ್ತಿದ್ದರು.

ಕೆಳಗಿನಿಂದ ಇಬ್ಬರು ಕೆಲಸದವರು ಮೂಟೆ ಹೊತ್ತು ಬಂದಿದ್ದರು, ಅವರ ಎದುರಿಗೇ ಪಾತ್ರೆಯನ್ನು ನರಸಮ್ಮನ ಮುಖದ ಹತ್ತಿರ ಹಿಡಿದೆ.

“ಇದೇನು ನರಸಮ್ಮ, ಮನೇಲೂ ಹಿಂಗೇನಾ ಪಾತ್ರೆ ತಿಕ್ಕೋದು? ಈ ಗಲೀಜಲ್ಲಿ ಅನ್ನ ಮಾಡ್ಕೊಂಡು ತಿಂತೀರಾ?”

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಪಾತ್ರೆ ತೆಗೆದುಕೊಳ್ಳಲು ಬಂದರು, ನಾನು ಕೊಡಲಿಲ್ಲ. ಮಾರನೆಯ ದಿನ ಅವರು ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಹೇಳಿ ಕಳಿಸಲು ನನಗೆ ಪುರಸೊತ್ತಿರಲಿಲ್ಲ ಎಂದು ಆಗ ಹೇಳಿಕೊಂಡೆ. ಮೂರು ಪಾತ್ರೆಗಳನ್ನೂ ನಾನೇ ಆಸಿಡ್ಡಿನಲ್ಲಿ ತೊಳೆದೆ, ಮುಖ ಕಾಣುವ ಹಾಗೆ.

ಹತ್ತನೇ ಸಲ ಮರಳಿನಂಥ ಪುಡಿ ಬಂತು. ಹನ್ನೊಂದನೇ ಸಲವೂ ಅದೇ. ಸಿಲಿಕಾದ ಡ್ರಮ್ಮು ಬದಲಾಯಿಸಿದೆ, ಮೀನು ವಾಸನೆಯ ಹೊಸ ಬಾಟಲಿ ಒಡೆದೆ, ಕರೆಂಟು ಹೋದ ಗಂಟೆಗಳನ್ನೆಲ್ಲ ಬರೆದಿಟ್ಟು ಒಲೆಯ ಶಾಖ ಲೆಕ್ಕ ಹಾಕಿದೆ. ಹನ್ನೆರಡನೇ ಸಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಷ್ಟರಲ್ಲಿ ಡಿಸೆಂಬರ್ ಐದು, ಶುಕ್ರವಾರ. ಏಳು ದಿನ ಒಲೆ, ಮತ್ತೆ ಉಬ್ಬಿಸಿ, ಸುಟ್ಟು, ಆಸಿಡ್ ಗುಣ ಬರಿಸಲು ನಾಲ್ಕೈದು ದಿನ. ಸೋಮವಾರ ಎಂಟನೇ ತಾರೀಖು ಪಾತ್ರೆ ಒಲೆಯೊಳಗೆ ಹೋಗದಿದ್ದರೆ ಇಪ್ಪತ್ತಕ್ಕೆ ಏನೂ ಇರುವುದಿಲ್ಲ. ಅರ್ಧ ಕಿಲೋ ಆಗದಿದ್ದರೂ ಸರಿ, ನೂರೈವತ್ತು ಗ್ರಾಂ ಕಣ್ಣಿಗೆ ತೋರಿಸಿದರೆ ಕೃಷ್ಣಯ್ಯನವರ ಹತ್ತಿರ ಬಾಯಿ ಮಾಡಬಹುದು.

ಅಂದು ಸಾಯಂಕಾಲ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದೆ. ಒಣಗಿದ ಪುಡಿಯ ತೂಕವನ್ನು ಪ್ರತಿ ಸಲ ಬರೆಯುವ ಅಭ್ಯಾಸ ನನ್ನದು. ಪಾತ್ರೆಗೆ ನೂರ ಅರವತ್ತು ಗ್ರಾಂ ಬರಬೇಕು. ನರಸಮ್ಮ ಇದ್ದಾಗ ನೂರ ನಲವತ್ತೆಂಟು, ನೂರ ನಲವತ್ತೇಳು, ನೂರ ನಲವತ್ತೆಂಟು. ಅವರು ಹೋದ ಮೇಲೆ ನೂರ ಅರವತ್ತು, ನೂರ ಐವತ್ತೊಂಬತ್ತು, ನೂರ ಅರವತ್ತು. ಅವರ ಕಾಲದಲ್ಲಿ ಹನ್ನೆರಡು ಗ್ರಾಂ ಯಾವಾಗಲೂ ಕಡಿಮೆ. ಸೋಸುವಾಗ ಹೋಗುತ್ತದೆ ಎಂದು ಆಗ ಅಂದುಕೊಂಡಿದ್ದೆ. ಅದು ಸೋಸುವಾಗ ಹೋದದ್ದಲ್ಲ, ಪಾತ್ರೆಯ ತಳದಲ್ಲಿ ಉಳಿದದ್ದು.

ಹೆಪ್ಪು ಹಾಕದೆ ಹಾಲು ಮೊಸರಾಗುವುದಿಲ್ಲ. ಇದನ್ನು ತಿಳಿಯಲು ಎಂ.ಎಸ್ಸಿ. ಬೇಕಿಲ್ಲ. ಏಳನೇ ಸಲ ಯಾವುದೋ ಕಾರಣಕ್ಕೆ ಹುಟ್ಟಿದ ಒಂದಿಷ್ಟು ಪದರದ ಹರಳು ತಳದಲ್ಲಿ ಉಳಿದು ಎಂಟನೆಯದಕ್ಕೆ ಬೀಜವಾಗಿತ್ತು, ಎಂಟನೆಯದು ಒಂಬತ್ತನೆಯದಕ್ಕೆ. ಆ ಮೊದಲಿನ ಹರಳು ಯಾಕೆ ಹುಟ್ಟಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಬೀಜವನ್ನು ಮಾತ್ರ ನನ್ನ ಕೈಯಾರೆ ಆಸಿಡ್ ಹಾಕಿ ತೊಳೆದಿದ್ದೆ. ನನ್ನ ಬಳಿ ಉಳಿದಿದ್ದ ಎರಡು ಚಮಚ ಪುಡಿ ಆಗಲೇ ಸೋಪು ತಿಂದು ಒಲೆಯಲ್ಲಿ ಸುಟ್ಟದ್ದು. ಹುರಿದ ಕಾಳನ್ನು ಬಿತ್ತಿದರೆ ಮೊಳೆಯುವುದಿಲ್ಲ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ.

ಆಗ ನಾಲ್ಕನೇ ಪಾತ್ರೆ ನೆನಪಾಯಿತು. ಒಂಬತ್ತನೇ ಸಲ ಅದೂ ಒಲೆಯಲ್ಲಿತ್ತು. ಮುಚ್ಚಳದ ತಿರುಪು ಸವೆದು ಸೋರಿದ್ದರಿಂದ ಮೇಜಿನ ಕೆಳಗೆ ತಳ್ಳಿದ್ದೆ, ಮರೆತಿದ್ದೆ. ಎಳೆದು ನೋಡಿದರೆ ತಳದಲ್ಲಿ ಬೆರಳು ದಪ್ಪದ ಬಿಳಿ ಹಕ್ಕಳೆ. ಒಂದು ಚೂರು ಕೆರೆದು ಶೀಸೆಯಲ್ಲಿ ಅಲ್ಲಾಡಿಸಿದೆ. ಅದು ಮಿನುಗುತ್ತ ಸುತ್ತಿತು. ಉಳಿದದ್ದನ್ನು ಮುಟ್ಟಲಿಲ್ಲ. ನರಸಮ್ಮನ ಕಾಲದಲ್ಲಿ ಹೇಗಿತ್ತೋ ಹಾಗೇ ಇರಲಿ, ಕೆರೆದು ಬೇರೆ ಕಡೆ ಇಟ್ಟು ಇನ್ನೊಂದು ಹೊಸ ತಪ್ಪು ಮಾಡುವುದು ಬೇಡ ಎಂದು ಯೋಚಿಸಿದೆ.

ಶನಿವಾರ ಬೆಳಿಗ್ಗೆ ಪಾತ್ರೆಯನ್ನು ಪಕ್ಕದ ರಸ್ತೆಯ ಲೇತಿನ ಅಂಜಿನಯ್ಯನಿಗೆ ಕೊಟ್ಟೆ, ಹೊಸ ತಿರುಪು ಹಾಕಲು. ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಕೈ ಹಾಕಬೇಡಿ, ಊದಬೇಡಿ, ಒರೆಸಬೇಡಿ ಎಂದು ಮೂರು ಸಲ ಹೇಳಿದೆ. ಒಳಗೆ ಚಿನ್ನ ಇಟ್ಟಿದ್ದೀರಾ ಮೇಡಂ ಎಂದು ಅವನು ತಮಾಷೆ ಮಾಡಿದ. ಸೋಮವಾರ ಬೆಳಿಗ್ಗೆ ತಂದುಕೊಡುತ್ತೇನೆಂದ. ನಮ್ಮ ವಾಚ್‌ಮನ್ ದೊಡ್ಡಣ್ಣನಿಗೂ ಹೇಳಿದೆ: ಪಾತ್ರೆ ಬಂದರೆ ಮುಟ್ಟದೆ ಮೇಲೆ ಇಡಿಸಿ, ಬಟ್ಟೆ ಬಿಚ್ಚಬೇಡಿ.

ಭಾನುವಾರ ಸುಂಕದಕಟ್ಟೆಗೆ ಹೋದೆ. ಪಾತ್ರೆ ಒಂದೇ ಸಾಲದು, ನರಸಮ್ಮನ ಕೈಯೂ ಬೇಕು ಅನ್ನಿಸಿತ್ತು. ಅವರು ನನಗೆ ಗೊತ್ತಿಲ್ಲದ ಹಾಗೆ ಇನ್ನೇನು ಮಾಡುತ್ತಿದ್ದರೋ ಯಾರು ಬಲ್ಲರು. ನಿಜ ಹೇಳಬೇಕೆಂದರೆ ತಪ್ಪಾಯಿತು ಅನ್ನಬೇಕೆಂದೂ ಮನಸ್ಸಿನಲ್ಲಿತ್ತು. ವಿಜಯನಗರದಿಂದ ಬಸ್ಸು ಹತ್ತಿದಾಗ ಅದನ್ನು ಹೇಗೆ ಹೇಳಬೇಕೆಂದು ಎರಡು ಮೂರು ಥರ ಜೋಡಿಸಿಕೊಂಡಿದ್ದೆ.

ಮಾಗಡಿ ರಸ್ತೆಯಿಂದ ಒಳಗೆ, ಸಾಲು ಮನೆಗಳ ಕೊನೆಯದು ಅವರದು. ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಚಾಪೆ ಹಾಸಿದರು, ಸೊಸೆ ಗಂಗಲಕ್ಷ್ಮಮ್ಮನಿಗೆ ಕಾಫಿ ಇಡಲು ಹೇಳಿದರು. ಈಗ ಒಂದು ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕುತ್ತಿದ್ದಾರಂತೆ. ಲಗ್ನ ಇದ್ದ ದಿನ ಕೆಲಸ, ಇಲ್ಲದ ದಿನ ಇಲ್ಲ.

ಜೋಡಿಸಿಕೊಂಡು ಬಂದ ಮಾತು ಬರಲಿಲ್ಲ. ಬದಲಿಗೆ ಲ್ಯಾಬಿನ ದನಿಯಲ್ಲೇ, ನೀವು ತಳದಲ್ಲಿ ಪುಡಿ ಬಿಡುತ್ತಿದ್ದಿರಲ್ಲ, ಎಷ್ಟು ಬಿಡುತ್ತಿದ್ದಿರಿ ಎಂದು ಕೇಳಿದೆ. ಅವರ ಮುಖ ಬಿಗಿಯಿತು. ಇಲ್ಲವಮ್ಮ, ಎಲ್ಲಾ ತೆಗೆದೇ ಕೊಡುತ್ತಿದ್ದೆ, ಮನೆಗೇನೂ ತಂದಿಲ್ಲ, ಬೇಕಾದರೆ ನೋಡಿ ಎಂದರು. ತೂಕ ಕಡಿಮೆಯಾಗಿದೆ ಎಂದು ಕೇಳಲು ಬಂದಿದ್ದೇನೆ ಅಂದುಕೊಂಡಿದ್ದರು. ಛೇ, ಅದಲ್ಲ ಎಂದೆ. ಅದಲ್ಲದಿದ್ದರೆ ಏನು ಎಂದು ಹೇಳಲಿಲ್ಲ.

ಅಷ್ಟರಲ್ಲಿ ಸೊಸೆ ರಾಗಿ ಹಿಟ್ಟಿನ ಡಬ್ಬ ತಂದು, ಹಿಟ್ಟಿನ ಮಿಲ್ಲಿಗೆ ಹೋಗುವ ಮೊದಲು ತೊಳೆದಿಡುತ್ತೇನೆಂದು ಮೊರಕ್ಕೆ ಬೋರಲು ಹಾಕಹೋದಳು. ನರಸಮ್ಮ ಕೈ ಅಡ್ಡ ಹಿಡಿದು ಒಂದು ಹಿಡಿ ಹಿಟ್ಟನ್ನು ಡಬ್ಬದಲ್ಲೇ ಉಳಿಸಿದರು.

“ಎಷ್ಟು ಸಲ ಹೇಳ್ಬೇಕೇ ನಿಂಗೆ? ತಳ ಕಾಣೋ ಹಂಗೆ ಬಳೀಬಾರ್ದು ಕಣೇ. ಮುಂದಕ್ಕೆ ತುಂಬೋದು ಅದ್ರಿಂದಾನೇ.”

ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ನಮ್ಮ ಅಜ್ಜಿಯೂ ಹೀಗೇ ಮಾಡುತ್ತಿದ್ದರು. ನರಸಮ್ಮ ನನ್ನ ಪಾತ್ರೆಗಳನ್ನು ಗಲೀಜು ಬಿಟ್ಟಿರಲಿಲ್ಲ, ಮನೆಯ ಡಬ್ಬದಂತೆ ನೋಡಿಕೊಂಡಿದ್ದರು. ಇದನ್ನು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಸೊಸೆ ಎದುರಿಗಿದ್ದಳು, ಪಕ್ಕದ ಮನೆಯವಳು ಇಣುಕುತ್ತಿದ್ದಳು. ಇಬ್ಬರ ಎದುರು ಬೈದವಳಿಗೆ ಇಬ್ಬರ ಎದುರು ತಪ್ಪಾಯಿತು ಅನ್ನಲು ನಾಲಿಗೆ ಏಳಲಿಲ್ಲ. ನಾಳೆಯಿಂದ ಕೆಲಸಕ್ಕೆ ಬನ್ನಿ ನರಸಮ್ಮ, ಮೊದಲಿನ ಹಾಗೇ ಇರಿ, ನಾನು ಒಂಬತ್ತಕ್ಕೆ ಬರುತ್ತೇನೆ ಎಂದೆ. ಮಿಕ್ಕದ್ದನ್ನು ನಾಳೆ ಲ್ಯಾಬಿನಲ್ಲಿ, ಯಾರೂ ಇಲ್ಲದಾಗ ಹೇಳಿದರಾಯಿತು ಎಂದುಕೊಂಡು ಎದ್ದೆ. ಅವರು ಬಸ್ ಸ್ಟಾಪಿನ ತನಕ ಬಂದು ಹಿತಕಿದ ಬೇಳೆಯ ಒಂದು ಪೊಟ್ಟಣ ಕೊಟ್ಟರು.

ಸೋಮವಾರ ನಾನು ಒಂಬತ್ತಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲು ಹತ್ತಿದೆ. ನರಸಮ್ಮ ಏಳೂವರೆಗೇ ಬಂದಿದ್ದರು. ನೆಲ ಒರೆಸಿ, ಶೀಸೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮೇಜಿನ ಮೇಲೆ ನಾಲ್ಕನೇ ಪಾತ್ರೆ ಬೋರಲಾಗಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಅಂಜಿನಯ್ಯ ತಂದಿಟ್ಟ ಪಾತ್ರೆಗೆ ಲೇತಿನ ಎಣ್ಣೆ ಮೆತ್ತಿತ್ತಂತೆ. ಬಟ್ಟೆ ಬಿಚ್ಚಿ, ಒಳಗೂ ಹೊರಗೂ ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದ್ದರು. ಎತ್ತಿ ನೋಡಿದೆ. ತಳದಲ್ಲಿ ನನ್ನ ಮುಖ ಕಂಡಿತು.

ಅಂಜಿನಯ್ಯನಿಗೆ ಹೇಳಿದ್ದೆ, ದೊಡ್ಡಣ್ಣನಿಗೆ ಹೇಳಿದ್ದೆ. ಇವರಿಗೆ ಹೇಳಿರಲಿಲ್ಲ.

“ಈ ಸಲ ಒಂದು ಚೂರೂ ಬಿಟ್ಟಿಲ್ಲ ಕಣಮ್ಮ, ಮೂರು ಸಲ ತಿಕ್ಕಿದೀನಿ,” ಎಂದರು ನರಸಮ್ಮ.

ನಾನು ಪಾತ್ರೆ ಇಟ್ಟು ಮೋರಿಯ ಹತ್ತಿರ ಹೋಗಿ ಕೂತೆ. ತೊಳೆದ ನೀರು ಹೋದ ಜಾಲರಿ ಕಿತ್ತು, ಒಳಗೆ ಕೈ ಹಾಕಿ, ಸಿಕ್ಕ ಕೆಸರನ್ನು ಬೊಗಸೆಯಲ್ಲಿ ತೆಗೆದೆ. ಕೂದಲು, ಇಟ್ಟಿಗೆ ಪುಡಿ, ನಾರು, ನಡುವೆ ಬಿಳಿಯದೇನೋ ಇತ್ತೋ, ಇರಲಿಲ್ಲವೋ. ನರಸಮ್ಮ ಬಂದು ಪಕ್ಕದಲ್ಲಿ ನಿಂತರು. ಮೋರಿಗೆ ಯಾಕೆ ಕೈ ಹಾಕುತ್ತೀರಿ, ಏನು ಬಿದ್ದುಹೋಯಿತು ಎಂದು ಕೇಳಿದರು. ಕೂತಲ್ಲಿಂದಲೇ ಎಲ್ಲ ಹೇಳಿದೆ: ತಳದಲ್ಲಿದ್ದದ್ದೇ ಬೀಜ, ಅದಿಲ್ಲದೆ ಪುಡಿ ಬರುವುದಿಲ್ಲ, ಬರದಿದ್ದರೆ ಈ ಕೋಣೆ ಮುಚ್ಚುತ್ತಾರೆ. ಅವರು ತಿಕ್ಕಿಟ್ಟ ಪಾತ್ರೆಯ ಕಡೆ ತಿರುಗಿ ನೋಡಿದರು.

“ಹಂಗಾದ್ರೆ ನಾನು ಬಿಡ್ತಿದ್ದದ್ದು ಸರಿಯಾಗೇ ಇತ್ತಾ?”

“ಸರಿಯಾಗೇ ಇತ್ತು. ನಾನು ಬೈದಿದ್ದೇ ತಪ್ಪು, ನರಸಮ್ಮ.”

“ನಿನ್ನೆ ನಮ್ಮನೇಲಿ ಒಂದು ಗಂಟೆ ಕೂತಿದ್ರಲ್ಲ. ಆವಾಗ ಬಾಯಲ್ಲಿ ಕಡುಬು ಇತ್ತಾ?”

ದನಿ ಎತ್ತರಿಸಲಿಲ್ಲ. ನನ್ನಂತೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಸೀರೆ ಮೇಲೆ ಸಿಕ್ಕಿಸಿ ಎದುರಿಗೆ ಕೂತು, ನನಗಿಂತ ಸಪೂರ ಕೈಯನ್ನು ಕೊಳವೆಯೊಳಗೆ ಮೊಣಕೈವರೆಗೆ ಇಳಿಸಿ ಇನ್ನೆರಡು ಹಿಡಿ ಕೆಸರು ತೆಗೆದರು. ಇಬ್ಬರೂ ಸೇರಿ ಅದನ್ನು ನಾಲ್ಕು ಸಲ ನೀರಿನಲ್ಲಿ ಕದಡಿ, ಸೋಸಿ, ಕೊನೆಗೆ ಸಿಕ್ಕ ಒಂದು ಚಮಚವನ್ನು ಗಂಜಿಗೆ ಕಲಸಿ, ಹನ್ನೆರಡು ಗಂಟೆಗೆ ಪಾತ್ರೆಯನ್ನು ಒಲೆಯೊಳಗಿಟ್ಟೆವು.

ಆ ವಾರವೆಲ್ಲ ನರಸಮ್ಮ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಒಲೆಯ ಶಾಖದ ಮುಳ್ಳು ಎಲ್ಲಿರಬೇಕೆಂದು ಕೇಳಿ ತಿಳಿದುಕೊಂಡು, ಕಸ ಗುಡಿಸುವಾಗೆಲ್ಲ ಒಮ್ಮೆ ಹೋಗಿ ನೋಡಿ ಬರುತ್ತಿದ್ದರು. ಅವರನ್ನು ಕೆಳಗಿನ ಕೆಲಸಕ್ಕೆ ಖಾಯಂ ಮಾಡಿಕೊಳ್ಳಬೇಕೆಂದು ನಾನು ಕೃಷ್ಣಯ್ಯನವರನ್ನು ಕೇಳಿದೆ, ಯಾಕೆ ಎಂಬುದನ್ನೂ ಒಂದೂ ಬಿಡದೆ ಹೇಳಿದೆ. ಅವರು ಆಗಲಿ ಎಂದರು. ಲ್ಯಾಬಿನ ವಿಷಯ ಇಬ್ಬರೂ ಎತ್ತಲಿಲ್ಲ.

ಹದಿನೈದನೇ ತಾರೀಖು ಮುಚ್ಚಳ ತಿರುಗಿಸಿದೆ. ನರಸಮ್ಮ ಶೀಸೆ ಹಿಡಿದುಕೊಂಡರು, ನಾನು ಒಂದು ಚಿಟಿಕೆ ಹಾಕಿದೆ. ಅವರೇ ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಎತ್ತಿದರು. ಹತ್ತು ಎಣಿಸುವಷ್ಟರಲ್ಲಿ ಪುಡಿಯೆಲ್ಲ ತಳ ಸೇರಿ, ಮೇಲೆ ತಿಳಿ ನೀರು ನಿಂತಿತು.

ಅವರು ನನ್ನ ಮುಖ ನೋಡಲಿಲ್ಲ. ಶೀಸೆಯನ್ನು ಇನ್ನೊಂದು ಸಲ ಅಲ್ಲಾಡಿಸಿದರು.